ಬದುವಿನಾಚೆಯ ಅರ್ಧ

"ಕಣ್ಣು ಇಂಗಿ ಹೋಗಿದೆಯೇನೇ, ಮುಂಡೆ? ಇದೇನು, ನಿಮ್ಮಪ್ಪನ ಮೀಸೆನಾ?"

ಮೇಸ್ತ್ರಿ ಬೇರುಸಮೇತ ಕಿತ್ತ ಕಳೆಯನ್ನು ಚಾಟಿಯಂತೆ ಬೀಸಿದ. ಮಣ್ಣು ನನ್ನ ಅತ್ತಿಗೆಯ ಕಣ್ಣಿಗೆ ರಾಚಿತು. ಎರಡನೆಯ ಏಟು ಅವನ ಅಂಗೈಯದು. ಅವಳ ತುಟಿ ಸೀಳಿತು. ಉಳಿದ ಆರು ಮಂದಿ ಹೆಂಗಸರು ಕುಕ್ಕರುಗಾಲಿನಲ್ಲೇ ಕುಳಿತು ನೋಡಿದೆವು. ಏಳಲು ಅಪ್ಪಣೆಯಿರಲಿಲ್ಲ.

"ಧಣಿಗಳ ಅರ್ಧ ಇನ್ನೂ ಚೊಕ್ಕ ಆಗಿಲ್ಲ. ಮತ್ತೆ ಮೊದಲನೇ ಸಾಲಿಂದ ಹಿಡೀರಿ!"

ಹೊಲ ಒಂದೇ, ನಡುವೆ ಮೊಣಕಾಲೆತ್ತರದ ಬದು. ಈಚೆಯ ಅರ್ಧ ಧಣಿಯದು, ಆಚೆಯದು ಪಾಲಿಗೆ ಮಾಡುವ ನಮ್ಮದು. ಎರಡರಲ್ಲೂ ನೆಲಗಡಲೆ, ಒಂದೇ ದಿನ ಬಿತ್ತಿದ್ದು. ಕರಾರು ಧಣಿಯ ಅಜ್ಜನ ಕಾಲದ್ದು: ಅವರ ಅರ್ಧದಲ್ಲಿ ಒಂದು ಕಳೆಯೂ ಉಳಿದಿಲ್ಲವೆಂದು ಮೇಸ್ತ್ರಿ ಒಪ್ಪುವ ತನಕ ನಾವು ಬದು ದಾಟುವಂತಿಲ್ಲ. ನಮ್ಮ ಅರ್ಧದಲ್ಲಿ ಬೆಳೆ ಏಳದಿದ್ದರೆ ಆ ನೆಲವೂ ಅವರಿಗೇ.

ಬಿತ್ತಿ ಐದು ವಾರವಾಗಿತ್ತು. ಆಚೆ ಕಳೆ ಎದೆಯುದ್ದ ಎದ್ದು, ಬಿಸಿಲನ್ನೆಲ್ಲ ಮೇಲೆಯೇ ಕುಡಿದು ಮುಗಿಸುತ್ತಿತ್ತು. ಅದರಡಿಯಲ್ಲಿ ನಮ್ಮ ಪೈರು ಹಳದಿಗಟ್ಟಿ, ಕಾಸಿನಗಲದ ಬೆಳಕಿಗಾಗಿ ಕತ್ತು ಚಾಚಿ ಸೋಲುತ್ತಿತ್ತು. ಇನ್ನೆರಡು ದಿನ ಹೀಗೇ ಬಿಟ್ಟರೆ ಕಾಯಿ ಕಟ್ಟುವ ಮಾತೇ ಇಲ್ಲ. ಆದರೆ ನಾಲ್ಕು ದಿನದಿಂದಲೂ, ನಾವು ಬದುವಿನ ಕಡೆ ಮುಖ ಮಾಡುವ ಹೊತ್ತಿಗೆ ಸರಿಯಾಗಿ, ಬೆರಳಾಡಿಸಿ ಕಳೆ ಕಿತ್ತು ಬಂದ ಸಾಲಿನಲ್ಲೇ ಮೇಸ್ತ್ರಿಗೆ ಕಳೆ ಸಿಗುತ್ತಿತ್ತು.

ಅತ್ತಿಗೆ ರಕ್ತ ಉಗುಳಿದಳು. ಬಿದ್ದಿದ್ದ ಗಿಡವನ್ನೆತ್ತಿ ದಂಟನ್ನು ಹಿಸುಕಿ ನೋಡಿದಳು.

"ಮೇಸ್ತ್ರಿ, ಇದು ಇಲ್ಲಿ ಹುಟ್ಟಿದ್ದಲ್ಲ."

"ಮತ್ತೆ ನಿನ್ನ ಹೊಟ್ಟೇಲಿ ಹುಟ್ಟಿತಾ?"

"ಇಲ್ಲಿ ಬಿಸಿಲು ನೆಲಕ್ಕೇ ಬೀಳುತ್ತೆ. ಇಲ್ಲಿ ಹುಟ್ಟಿದ್ದು ಗಿಡ್ಡಕೆ, ದಪ್ಪಕೆ, ನಿಮ್ಮ ಹಾಗೆ ಹರಡಿಕೊಂಡು ಕೂತಿರುತ್ತೆ. ಇದು ನೋಡಿ, ದಾರದ ಹಾಗೆ ಉದ್ದ. ಬುಡ ಬಿಳುಚಿಕೊಂಡಿದೆ. ನೆರಳಲ್ಲಿ, ಗುಂಪಲ್ಲಿ, ಬೆಳಕಿಗೆ ಬಡಿದಾಡಿ ಎದ್ದಿದ್ದು. ನಮ್ಮ ಅರ್ಧದ್ದು. ನಾವು ನೀರು ಕುಡಿಯೋಕೆ ಹೋದಾಗ ತಂದು ನೆಟ್ಟಿದ್ದೀರ."

ಪಕ್ಕದ ಸಾಲಿನಲ್ಲಿದ್ದ ನಮ್ಮ ದೊಡ್ಡಮ್ಮ ಕಿಸಕ್ಕನೆ ನಕ್ಕಳು. "ಅಯ್ಯೋ, ಮೇಸ್ತ್ರಿಗೆ ನೆಡೋ ಕೆಲಸಾನೂ ಬರುತ್ತಾ! ಗೊತ್ತಿದ್ದಿದ್ರೆ ಕೂಲಿಗೆ ಕರೀಬಹುದಿತ್ತಲ್ರೇ!"

ನಗು ಸಾಲಿನುದ್ದಕ್ಕೂ ಹರಿಯಿತು. ಬದುವಿನ ಮೇಲೆ ಕುರ್ಚಿ ಹಾಕಿ, ಕೊಡೆಯಡಿ ಕುಳಿತಿದ್ದ ಧಣಿಗೂ, ಪಕ್ಕದಲ್ಲಿ ನಿಂತಿದ್ದ ಅವರ ಟ್ರ್ಯಾಕ್ಟರಿನ ಡ್ರೈವರ್‌ಗೂ ಅದು ಕೇಳಿಸಿತು.

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಅತ್ತಿಗೆಯ ತುರುಬು ಹಿಡಿದು ನೆಲಕ್ಕೆ ಅಪ್ಪಳಿಸಿದ. ಅವಳ ಬಲಗೈ ಮೇಲೆ ಬೂಟುಗಾಲಿಟ್ಟು, ಬೀಡಿ ಹೊಸಕುವವನಂತೆ ನಿಧಾನವಾಗಿ ತಿರುಚಿದ. ಬೆರಳುಗಳು ಲಟಲಟನೆ ಮುರಿದವು.

"ಗುರುತು ಹಿಡಿಯೋ ಬೆರಳು ಇವೇನಾ? ಹೇಳೇ ಬೋಸುಡಿ, ಇವೇನಾ?"

ಅತ್ತಿಗೆಯ ಎಡಗೈ ಮಣ್ಣಿನಲ್ಲಿ ತಡಕಾಡುತ್ತ ಹೋಯಿತು. ಏನನ್ನು ಹುಡುಕುತ್ತಿದೆಯೆಂದು ನನಗೆ ಹೊಳೆಯುವಷ್ಟರಲ್ಲಿ ಕಳೆಗುದ್ದಲಿಯ ಅಲಗು ಮೇಸ್ತ್ರಿಯ ಮೀನಖಂಡದೊಳಗೆ ಹೂತಿತ್ತು.

ಅವನು ಊಳಿಟ್ಟು ಉರುಳಿದ. ಧಣಿಯ ಹಸಿರು ಪೈರಿನ ಮೇಲೆ ರಕ್ತ ಚಿಮ್ಮಿತು. ಸೊಂಟದ ಚೂರಿಗೆ ಕೈ ಹಾಕಿದ. ದೊಡ್ಡಮ್ಮ ಅವನ ಎದೆಯ ಮೇಲೆ ಮೊಣಕಾಲೂರಿ ಕುಳಿತು, ಹಿಡಿ ಮಣ್ಣನ್ನು ಅವನ ಬಾಯಿಗೆ ತುರುಕಿದಳು. "ತಿನ್ನು, ಮಗನೇ. ನಿನ್ನ ಧಣಿದೇ ಮಣ್ಣು. ರುಚಿ ಇರುತ್ತೆ."

ಧಣಿ ಕುರ್ಚಿ ಬಿಟ್ಟೇಳಲಿಲ್ಲ. ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು, ಅಷ್ಟೆ.

"ಡ್ರೈವರ್, ಆಚೆ ಅರ್ಧ ಉತ್ತುಹಾಕು. ಕಳೆ ಬಿಟ್ಟರೆ ಅಲ್ಲೇನಿದೆ?"

ಟ್ರ್ಯಾಕ್ಟರ್ ಗುಡುಗಿತು. ಅತ್ತಿಗೆ ಮುರಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

"ಬನ್ರೇ," ಎಂದಳು. ಅಪ್ಪಣೆಯಿಲ್ಲದೆ ಬದು ದಾಟಿದಳು. ಹಿಂದೆಯೇ ನಾವೂ.

ಸಾಲಾಗಿ ಕುಕ್ಕರುಗಾಲಲ್ಲಿ ಕುಳಿತೆವು. ಕಳೆ ನಮ್ಮ ನೆತ್ತಿಯ ಮೇಲೆ ಮುಚ್ಚಿಕೊಂಡಿತು. ಒಳಗೆ ಕೆರೆಯ ತಳದಂಥ ಮಬ್ಬು ಹಸಿರು. ಅತ್ತಿಗೆ ಎಡಗೈಯಿಂದ ಕೀಳುತ್ತಿದ್ದಳು. ಬಗ್ಗದ ದಂಟನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಳು. ನಾನು ಮೊದಲ ಹಿಡಿ ಕಿತ್ತೆ. ಅಂಗೈಯಗಲ ಬಿಸಿಲು ಒಂದು ಹಳದಿ ಗಿಡದ ಮೇಲೆ ಬಿತ್ತು.

ಟ್ರ್ಯಾಕ್ಟರ್ ಹತ್ತಿರವಾಯಿತು.

"ಏಯ್, ಎಲ್ಲಿದ್ದೀರೇ?" ಡ್ರೈವರ್‌ನ ದನಿ ಒಡೆದಿತ್ತು. "ಯಾರಾದ್ರೂ ತಲೆ ಎತ್ರಮ್ಮಾ! ನನಗೇನೂ ಕಾಣಿಸ್ತಿಲ್ಲ!"

"ಅಲ್ಲಿ ಯಾರೂ ಇಲ್ಲ, ಹೊಡಿ," ಎಂದಿತು ಕೊಡೆಯ ಕಡೆಯ ದನಿ.

"ಅತ್ತಿಗೇ... ಎದ್ದುಬಿಡೋಣ," ಎಂದೆ.

"ಎದ್ದರೆ ನಮ್ಮನ್ನ ತಪ್ಪಿಸಿಕೊಂಡು ಉಳಿದಿದ್ದೆಲ್ಲ ಉತ್ತುಬಿಡ್ತಾನೆ, ಹೊಲ ಹೋಯ್ತು. ಕೀಳು."

ನೇಗಿಲು ನೆಲಕ್ಕಿಳಿದ ಸದ್ದು ಅಂಗಾಲಿಗೆ ತಾಕಿತು. ನಾನು ಮುಂದಿನ ಬುಡಕ್ಕೆ ಕೈ ಹಾಕಿದೆ.