ಪುಟ ನಲವತ್ತಾರು ನೋಡಿರಿ

ನಾನು ಏಳನೆಯ ತರಗತಿಯ ವಿಜ್ಞಾನದ ಗೈಡ್. ಪಾಠ ಕಲಿಸುವ ಪುಸ್ತಕವಲ್ಲ, ಪ್ರಶ್ನೆಗಳಿಗೆ ಸಿದ್ಧ ಉತ್ತರ ಕೊಡುವ ಪುಸ್ತಕ. ನನ್ನನ್ನು ಬರೆದವರು ಯಾರೆಂದು ನನಗೇ ಗೊತ್ತಿಲ್ಲ. ಹೆಸರು ಇರಬೇಕಾದ ಜಾಗದಲ್ಲಿ ‘ಅನುಭವಿ ಶಿಕ್ಷಕರು’ ಎಂದಷ್ಟೇ ಇತ್ತು. ಹಿಂದಿನ ವರ್ಷದ ಗೈಡನ್ನು ಮುಂದಿಟ್ಟುಕೊಂಡು ಹತ್ತು ದಿನದಲ್ಲಿ ನನ್ನನ್ನು ಅಚ್ಚು ಹಾಕಿದರು. ಹಳದಿ ರಟ್ಟಿನ ಮೇಲೆ ‘ನೂರಕ್ಕೆ ನೂರು’ ಎಂಬ ಕೆಂಪು ಅಕ್ಷರಗಳು. ಆ ದಿನಗಳಲ್ಲಿ ನನಗೆ ತುಂಬ ಜಂಬವಿತ್ತು.

ಬನಹಟ್ಟಿಯ ಅಂಗಡಿಯೊಂದರಿಂದ ನನ್ನನ್ನು ಮನೆಗೆ ಒಯ್ದವಳು ಶಂಕರವ್ವ. ಅವಳು ಮಗ್ಗ ನಡೆಸುತ್ತಿದ್ದಳು. ಮಗಳು ಭುವನೇಶ್ವರಿ ಕಾಲೇಜು ಕಲಿಯಬೇಕೆಂಬುದು ಅವಳ ಆಸೆ. ಭುವನಾ ಜಾಣೆ, ಹಟದವಳು. ದಿನಕ್ಕೆ ಎರಡು ಪುಟದಂತೆ ನನ್ನನ್ನು ಬಾಯಿಪಾಠ ಮಾಡಿದಳು. ಅಲ್ಪವಿರಾಮ ಕೂಡ ಬಿಡಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಶಾಲೆಗೇ ಮೊದಲಿಗಳಾದಳು. ಅದೆಲ್ಲ ನನ್ನಿಂದಲೇ ಎಂದುಕೊಂಡೆ.

ವಿಜ್ಞಾನ ಕಲಿಸುವ ಹುಣಶ್ಯಾಳ ಅಕ್ಕೋರು ಒಂದು ದಿನ ಏಳನೆಯ ತರಗತಿಯವರನ್ನೆಲ್ಲ ಪಕ್ಕದೂರಿನ ಕಾಲೇಜು ತೋರಿಸಲು ಕರೆದುಕೊಂಡು ಹೋದರು. ಮುಂದೆ ಓದುವ ಜಾಗ ಹೇಗಿರುತ್ತದೆಂದು ಮಕ್ಕಳು ಈಗಲೇ ಕಾಣಲಿ ಎಂಬುದು ಅವರ ವಿಚಾರ. ಭುವನಾ ನನ್ನನ್ನೂ ಚೀಲದಲ್ಲಿ ಹಾಕಿಕೊಂಡಳು.

ಪ್ರಯೋಗಾಲಯದಲ್ಲಿ ಉಪನ್ಯಾಸಕರೊಬ್ಬರು ಅವಳನ್ನು ಮುಂದೆ ಕರೆದು ಅಂಗೈ ಮೇಲೆ ಎರಡು ಹನಿ ಸ್ಪಿರಿಟ್ ಬಿಟ್ಟರು.

“ಏನಾತು ಹೇಳವ್ವಾ?”

ಭುವನಾ ಚಾಚಿದ ಕೈ ಹಾಗೇ ಇಟ್ಟು ನೆಟ್ಟಗೆ ನಿಂತಳು. “ದ್ರವವು ಕುದಿಯುವ ಬಿಂದುವಿಗಿಂತ ಕಡಿಮೆ ತಾಪದಲ್ಲಿ ಆವಿಯಾಗುವ ಕ್ರಿಯೆಗೆ ಆವೀಕರಣ ಎನ್ನುವರು. ಚಿತ್ರಕ್ಕಾಗಿ ಪುಟ ನಲವತ್ತಾರು ನೋಡಿರಿ.”

ಕ್ಷಣಕಾಲ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದೆ ನಿಂತಿದ್ದ ಕಾಲೇಜು ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಉಪನ್ಯಾಸಕರು ನಗಲಿಲ್ಲ.

“ಅದಿರಲಿ ತಂಗಿ, ನಿನ್ನ ಕೈಗೆ ಏನನಸ್ತು? ಅಷ್ಟ ಹೇಳು ಸಾಕು.”

‘ತಣ್ಣಗ ಆತ್ರಿ’ ಎಂದರೆ ಸಾಕಿತ್ತು. ಅದು ನನ್ನ ಯಾವ ಪುಟದಲ್ಲೂ ಇರಲಿಲ್ಲ. ಭುವನಾ ತನ್ನ ಅಂಗೈಯನ್ನೇ ನೋಡುತ್ತ ನಿಂತಳು. ಚೀಲದೊಳಗೆ ನಾನು ನಾಚಿಕೆಯಿಂದ ಹಿಡಿಯಷ್ಟಾದೆ. ಪುಟ ನಲವತ್ತಾರರಲ್ಲಿ ಆ ಚಿತ್ರವೂ ಇರಲಿಲ್ಲ. ಅಚ್ಚಿನವರು ಅದನ್ನು ಬಿಟ್ಟಿದ್ದರು.

ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ಮಾಡಿ ಅತ್ತಳು. ಅಕ್ಕೋರು ಪಕ್ಕಕ್ಕೆ ಬಂದು ಕುಳಿತರು.

“ತಪ್ಪು ನಿಂದಲ್ಲವ್ವಾ. ನೀ ಬರೆದಿದ್ದಕ್ಕೆಲ್ಲ ಕಣ್ಣು ಮುಚ್ಚಿ ರೈಟ್ ಹಾಕಿದಾಕಿ ನಾನು. ನನಗೂ ಮಾರಿ ಎತ್ತಾಕ ಆಗವಲ್ದು.”

ಮರುದಿನದಿಂದ ಅಕ್ಕೋರು ಓದಿಸುವ ರೀತಿಯೇ ಬದಲಾಯಿತು. ಒಂದು ಪ್ಯಾರಾ ಓದಬೇಕು, ಪುಸ್ತಕ ಮುಚ್ಚಬೇಕು, ತಿಳಿದದ್ದನ್ನು ಮನೆಯ ಮಾತಿನಲ್ಲಿ ಯಾರಿಗಾದರೂ ಹೇಳಬೇಕು. ತಿಳಿಯದ್ದನ್ನು ಬರೆದುಕೊಂಡು ಬಂದು ಕೇಳಬೇಕು. ಭುವನಾ ಮಗ್ಗದ ಸದ್ದಿನ ನಡುವೆ ಕೂಗಿ ಕೂಗಿ ಅವ್ವನಿಗೆ ಪಾಠ ಹೇಳತೊಡಗಿದಳು.

“ಹಂಗಾರ ಮಳಿಗಾಲದಾಗ ನೂಲು ಯಾಕ ಲಗೂನ ಒಣಗಂಗಿಲ್ಲ?” ಎಂದು ಶಂಕರವ್ವ ಒಮ್ಮೆ ಕೇಳಿದಳು.

ಭುವನಾ ನನ್ನನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದಳು. ನೂರಾ ಎಂಬತ್ತು ಪುಟ. ಒಬ್ಬ ನೇಕಾರ ಹೆಂಗಸಿನ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳು ನನ್ನನ್ನು ಗೋಡೆಯ ಮಾಡದಲ್ಲಿಟ್ಟು, ನಾಳೆ ಅಕ್ಕೋರನ್ನು ಕೇಳಬೇಕೆಂದು ಬರೆದುಕೊಂಡಳು. ಮತ್ತೆ ನನ್ನನ್ನು ಮುಟ್ಟಲಿಲ್ಲ.

ನನ್ನ ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

ಮುಂದಿನ ವರ್ಷ ಪಕ್ಕದ ಮನೆಯ ದಾನಮ್ಮ ಏಳನೆಯ ತರಗತಿಗೆ ಬಂದಳು. ಅಷ್ಟರಲ್ಲಿ ಅಕ್ಕೋರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಶಂಕರವ್ವ ನನ್ನನ್ನು ಕೆಳಗಿಳಿಸಿದಳು.

“ಅದನ್ನ ಕೊಡಬ್ಯಾಡ ಯವ್ವಾ,” ಎಂದಳು ಭುವನಾ.

“ಯಾಕ? ಹೊಸದರಂಗ ಐತಲ್ಲ. ನಿನಗ ಮೊದಲ ನಂಬರ್ ಬಂದಿದ್ದು ಇದರಿಂದನ.”

ಕಾರಣ ಹೇಳಬೇಕಾದರೆ ಕಾಲೇಜಿನ ಕಥೆ ಹೇಳಬೇಕಿತ್ತು. ಅದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬಾಗಿಲಲ್ಲಿ ದಾನಮ್ಮ ಆಸೆಯಿಂದ ಕೈ ಚಾಚಿ ನಿಂತಿದ್ದಳು. ಭುವನಾ ತಲೆ ತಗ್ಗಿಸಿ ಒಳಗೆ ಹೋದಳು.

ದಾನಮ್ಮ ನನ್ನನ್ನು ದೇವರಂತೆ ನಂಬಿದಳು. ಅವಳಿಗೂ ಮೊದಲ ನಂಬರ್ ಬಂತು. ಅವಳನ್ನು ನೋಡಿ ಯಾರೂ ನಗಲಿಲ್ಲ, ಹಾಗಾಗಿ ಯಾರೂ ತಡೆಯಲೂ ಇಲ್ಲ. ಎಂಟಕ್ಕೂ ಒಂಬತ್ತಕ್ಕೂ ಹತ್ತಕ್ಕೂ ಗೈಡುಗಳನ್ನೇ ಕೊಂಡಳು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಳು. ಅಲ್ಲಿ ಪ್ರಶ್ನೆಗಳು ಬೇರೆ ರೀತಿ ಬಂದವು. ಪಾಠ ಕೇಳುತ್ತ ಟಿಪ್ಪಣಿ ಬರೆದುಕೊಳ್ಳಲು ಅವಳಿಗೆ ಬರುತ್ತಿರಲಿಲ್ಲ. ತಿಳಿಯಲಿಲ್ಲವೆಂದು ಎದ್ದು ನಿಂತು ಕೇಳಲೂ ಬರುತ್ತಿರಲಿಲ್ಲ. ದೀಪಾವಳಿ ರಜೆಗೆ ಬಂದವಳು ಮರಳಿ ಹೋಗಲಿಲ್ಲ. “ನನ್ನ ತಲಿಗೆ ಹತ್ತಂಗಿಲ್ಲ,” ಎಂದಳು. ಮನೆಯವರೂ ನಂಬಿದರು. ತಪ್ಪು ತಲೆಯದಲ್ಲ, ನನ್ನದು ಎಂದು ಹೇಳಲು ನನಗೆ ಬಾಯಿಯಿಲ್ಲ.

ಈಗ ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ನಾನು ಅವಳ ಗೂಡಿನಲ್ಲಿ ಅಳತೆಯ ಪುಸ್ತಕದ ಪಕ್ಕ ಇದ್ದೇನೆ. ಕಳೆದ ತಿಂಗಳು ಭುವನಾ ರವಿಕೆ ಹೊಲಿಸಲು ಬಂದಳು. ಅವಳೀಗ ಬಿ.ಎಸ್‌ಸಿ. ಕೊನೆಯ ವರ್ಷ. ದಾನಮ್ಮ ನಗುತ್ತ ನನ್ನನ್ನು ತೋರಿಸಿದಳು.

“ಇದು ನೆನಪೈತೇನು? ಈ ಗೈಡ್ ಇದ್ದಾಗ ನಾನೂ ಶಾಣ್ಯಾಕಿ ಇದ್ನಿ ನೋಡಕ್ಕಾ.”

ಭುವನಾಳ ಮುಖ ಬಾಡಿತು. ಎಲ್ಲವನ್ನೂ ಹೇಳಿದಳು: ಸ್ಪಿರಿಟ್ಟು, ನಗು, ಅಕ್ಕೋರ ಮಾತು, ಬಾಗಿಲಲ್ಲಿ ತಾನು ಸುಮ್ಮನಾದದ್ದು. “ಆವತ್ತ ಹೇಳಬೇಕಿತ್ತು ದಾನಿ. ನಾಚಿಕಿ ಆಗಿತ್ತು,” ಎಂದಳು.

ದಾನಮ್ಮನ ಕೈಯಲ್ಲಿದ್ದ ಕತ್ತರಿ ನಿಂತಿತು.

“ಹಂಗಾರ ನಾ ದಡ್ಡಿ ಅಲ್ಲೇನಕ್ಕಾ?”

“ಅಲ್ಲ. ಎಂದೂ ಅಲ್ಲ.”

ದಾನಮ್ಮ ಮತ್ತೆ ಬಟ್ಟೆ ಕತ್ತರಿಸತೊಡಗಿದಳು. ಭುವನಾ ಹೋದ ಮೇಲೆ ನನ್ನನ್ನು ಕೈಗೆತ್ತಿಕೊಂಡಳು. ಹರಿಯುತ್ತಾಳೆ, ಒಲೆಗೆ ಹಾಕುತ್ತಾಳೆ ಎಂದು ಕಾದೆ. ನನಗೆ ಅದೇ ಬೇಕಾಗಿತ್ತು. ಅವಳು ಸೆರಗಿನಿಂದ ನನ್ನ ಧೂಳು ಒರೆಸಿ, ಮಡಚಿಕೊಂಡಿದ್ದ ಮೂಲೆಯೊಂದನ್ನು ನೇರಮಾಡಿ, ಮತ್ತೆ ಅದೇ ಜಾಗದಲ್ಲಿಟ್ಟಳು.