ಹಸು ತಿಂದ ರೊಟ್ಟಿ

ಬಿಜಾಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಖಡಕ್ ರೊಟ್ಟಿಯ ಗಂಟನ್ನು ಸಂಗಮ್ಮ ಮಗಳ ಪಿ.ಜಿ.ಯ ಅಡುಗೆಮನೆಯಲ್ಲಿಟ್ಟು ಸ್ನಾನಕ್ಕೆ ಹೋಗಿದ್ದಳು. ಬರುವಷ್ಟರಲ್ಲಿ ಗಂಟು ಬರಿದು. ಜೋಳದ ರೊಟ್ಟಿಯನ್ನು ಹಪ್ಪಳದ ಹಾಗೆ ಒಣಗಿಸಿಟ್ಟು ತಿಂಗಳುಗಟ್ಟಲೆ ತಿನ್ನುತ್ತಾರೆಂಬುದು ಮಾರತ್ತಹಳ್ಳಿಯಲ್ಲೇ ಹುಟ್ಟಿ ಬೆಳೆದ ಪಿ.ಜಿ. ಒಡತಿ ಮುನಿಲಕ್ಷ್ಮಮ್ಮನಿಗೆ ಗೊತ್ತೇ ಇರಲಿಲ್ಲ.

“ಒಣಗೋಗಿದ್ವು ಕಣಮ್ಮ, ಹಸುಗ್ ಹಾಕ್ದೆ. ಅಂಥದ್ದನ್ನ ಮನುಷ್ರು ತಿಂತಾರಾ?” ಎಂದಳು. ತಿಂಡಿಗೆ ಕೂತಿದ್ದ ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು.

“ಇರ್ಲಿ ಬಿಡ್ರಿ, ತಿಳೀದ ಆಗೇತಿ,” ಎಂದು ಸಂಗಮ್ಮನೂ ನಕ್ಕಳು. ಮಗಳು ವೈಷ್ಣವಿ ನಗಲಿಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುತ್ತಾರೆ. ಆ ಮನೆಯ ಹಸುವಿಗಾದರೂ ಗೊತ್ತಿತ್ತು, ಒಂದು ಚೂರೂ ಬಿಡದೆ ತಿಂದಿತ್ತು.

ಉದ್ಯಮ ಏಕೆ ಶುರು ಮಾಡುತ್ತೀರಿ ಎಂದು ಎಂ.ಬಿ.ಎ. ತರಗತಿಯಲ್ಲಿ ಮೇಷ್ಟ್ರು ಕೇಳಿದಾಗ ಒಬ್ಬ ಸ್ವಾತಂತ್ರ್ಯಕ್ಕೆ ಎಂದ, ಇನ್ನೊಬ್ಬಳು ನಾಲ್ಕು ಜನಕ್ಕೆ ಕೆಲಸ ಕೊಡಲಿಕ್ಕೆ ಎಂದಳು. ವೈಷ್ಣವಿಯೂ ಅಂಥದ್ದೇ ಏನೋ ಹೇಳಿ ಕೂತಳು. ನಿಜ ಹೇಳಿದ್ದರೆ ಮೇಷ್ಟ್ರು ಹೆದರುತ್ತಿದ್ದರು. ಮುನಿಲಕ್ಷ್ಮಮ್ಮ ಅದೇ ರೊಟ್ಟಿಗಾಗಿ ಅವ್ವನ ಮುಂದೆ ಕೈ ಚಾಚಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಓದು ಮುಗಿಯುವ ಮೊದಲೇ ಆ ಪಿ.ಜಿ. ಬಿಟ್ಟು, ಅದರ ಬಾಗಿಲಿಗೆ ಎದುರಾಗಿಯೇ ರೊಟ್ಟಿ ಅಂಗಡಿ ತೆರೆದಳು. ಅವ್ವನನ್ನೂ ಕರೆಸಿಕೊಂಡಳು. ಹುಬ್ಬಳ್ಳಿ, ಗುಲ್ಬರ್ಗ ಕಡೆಯ ಆಫೀಸಿನವರು ಮುಗಿಬಿದ್ದರು. ಆಮೇಲೆ ಅಂದು ನಕ್ಕಿದ್ದ ಹುಡುಗಿಯರೇ ಪಿ.ಜಿ. ಊಟ ಬಿಟ್ಟು ಬಂದು ಶೇಂಗಾ ಚಟ್ನಿ ಕೇಳಿದರು. ಅಂಗಡಿ ತುಂಬಿದರೂ ವೈಷ್ಣವಿಯ ಕಣ್ಣು ಎದುರು ಬಾಗಿಲ ಮೇಲೇ ಇತ್ತು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಮುನಿಲಕ್ಷ್ಮಮ್ಮ ರಸ್ತೆ ದಾಟಿ ಬಂದಳು.

“ಶುಗರ್ ಬಂದೈತೆ ಕಣಮ್ಮ. ಡಾಕ್ಟ್ರು ಅನ್ನ ಬಿಟ್ಟು ಜೋಳದ ರೊಟ್ಟಿ ತಿನ್ನು ಅಂದವ್ರೆ.”

ಈ ಗಳಿಗೆಗೆಂದೇ ಮಸೆದಿಟ್ಟುಕೊಂಡಿದ್ದ ಮಾತು ವೈಷ್ಣವಿಯ ನಾಲಗೆಗೆ ಬಂತು. “ಯಾರಿಗ್ರಿ? ನಿಮಗೋ, ನಿಮ್ಮ ಹಸುವಿಗೋ?”

“ಯಾವ್ ಹಸು? ಅದನ್ನ ಆಗ್ಲೇ ಮಾರ್ಬಿಟ್ವಲ್ಲ.”

ಆಕೆಯ ಮುಖದಲ್ಲಿ ನಾಚಿಕೆಯಿಲ್ಲ, ನೆನಪೂ ಇಲ್ಲ. ವೈಷ್ಣವಿಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಸಂಗಮ್ಮ ಒಳಗಿನಿಂದ ಬಂದು, ನಗುನಗುತ್ತಲೇ ರೊಟ್ಟಿ ಕಟ್ಟಿ ಚಾಚಿದ ಕೈಗಿಟ್ಟು, “ನಾಳೆನೂ ಬರ್ರಿ,” ಎಂದು ಕಳಿಸಿದಳು.

“ಸುಮ್ನ ಕಳಿಸಿಬಿಟ್ಟೆಲ್ಲವ್ವ! ಆಕಿಗೆ ನೆನಪೂ ಇಲ್ಲ!” ವೈಷ್ಣವಿಯ ಕಣ್ಣಲ್ಲಿ ನೀರು ಬಂತು.

ಸಂಗಮ್ಮನ ಮುಖದಿಂದ ನಗು ಇಳಿಯಿತು. “ಇವತ್ತ ಅಂದಿದ್ರ ನಾಳೆ ಬರ್ತಿದ್ದಿಲ್ಲ. ಮೊದ್ಲು ರುಚಿ ಹತ್ತಲಿ, ಇದಿಲ್ದ ಊಟ ಇಳೀದಂಗ ಆಗಲಿ. ಆಮ್ಯಾಲ ಇಲ್ಲೇ, ಎಲ್ಲಾರ ಮುಂದ, ಆ ಹಸು ಯಾವುದಂತ ನಾನು ಹೇಳ್ತೀನಿ.”