ಕೊಂಡವರ ಹೆಸರು

ಮತ್ತೆ ಅದೇ ಗುರ್ ಗುರ್, ಗಾಜಿನ ಮೇಜಿನ ಮೇಲೆ ಫೋನು ನಡುಗುತ್ತ ಕಾಫಿ ಲೋಟದ ಕಡೆ ತೆವಳುತ್ತಿದೆ, ಸ್ವಿಲೆನ್, ಬೇರೆ ಯಾರಿದ್ದಾರು, ತಂಗಿಯ ಗಂಡ ಎಂಬ ಸಲಿಗೆಗೂ ಒಂದು ಮಿತಿ ಬೇಡವೆ, ಬಡಿದುಕೊಳ್ಳಲಿ ಎಂದು ನೆವೆನಾ ಬೆರಳನ್ನೂ ಅಲ್ಲಾಡಿಸಲಿಲ್ಲ — ಕಿಟಕಿಯಾಚೆ ವಾರ್ನಾ ಬಂದರಿನ ಕ್ರೇನುಗಳು ಬಿಸಿಲಿಗೆ ಮುಖ ಮಾಡಿ ನಿಂತಿವೆ, ಎದುರು ಬಾಲ್ಕನಿಯಲ್ಲಿ ಯಾರೋ ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆಯನ್ನು ಬೀದಿಗೆ ಉಗುಳುತ್ತಿದ್ದಾರೆ — ಎತ್ತಿದರೆ ಏನು ಕೇಳುತ್ತಾನೆಂದು ಗೊತ್ತು, ಬೆಳಗಿನಿಂದ ಅದೇ ರಾಗ, ನೆವೆನಾ, ಕೊಂಡವರ ಹೆಸರು ಕೊಡೇ ಮಾರಾಯ್ತಿ, ಕಸ್ಟಮ್ಸ್‌ನವರು ತಿರುಗಿ ಪ್ರಶ್ನೆ ಹಾಕಿದ್ದಾರೆ, ಒಂದು ಕಂಟೇನರ್ ತುಂಬ ಜಾಡಿ ಮುಚ್ಚಳ ತಗೊಂಡು ನಿನ್ ಆಫೀಸು ಏನ್ ಮಾಡತ್ತೆ, ಟೋಪಿ ಮಾಡ್ಕೊಂಡು ಹಾಕ್ಕೊಳ್ಳತ್ತಾ? ಮೇಲೆ ನಗು ಬೇರೆ. ಹಡಗಿನವರ ಏಜೆಂಟನ ಕಚೇರಿಯಲ್ಲಿ ಕೂತವನು ನಗುತ್ತಾನೆ, ನಗದೆ ಏನು, ಅವನ ಕಂಪನಿಗೆ ಹಡಗಿದೆ, ತನಗೆ ಇರುವುದು ನಾಲ್ಕು ಜನ ಗಿರಾಕಿಗಳು, ಅವರ ಸರಕನ್ನು ಅವನ ಹಡಗಿಗೆ ಏರಿಸಿಕೊಟ್ಟು ಬದುಕುವ ಬಾಳು, ಗಿರಾಕಿ ಯಾರೆಂದು ತಿಳಿದರೆ ಹಡಗಿನವರು ನೇರವಾಗಿ ಅವನ ಬಾಗಿಲನ್ನೇ ತಟ್ಟುತ್ತಾರೆ, ನಡುವೆ ನೆವೆನಾ ಯಾಕೆ ಸಾರ್ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಮೊದಲಾದರೆ ಈ ಪೀಡೆ ಇರಲಿಲ್ಲ, ‘ಸಾಮಾನು’ ಎಂದು ಬರೆದರೂ ನಡೆಯುತ್ತಿತ್ತು, ಈಗ ಕಂಟೇನರ್ ಡಬ್ಬ ಅಲ್ಲಿ ಚೀನಾದಲ್ಲಿ ಹಡಗು ಹತ್ತುವ ಮೊದಲೇ ಇಲ್ಲಿ ಎಲ್ಲವನ್ನೂ ಒಪ್ಪಿಸಬೇಕು, ಮಾರಿದವರು ಯಾರು, ಕೊಂಡವರು ಯಾರು, ತಗಡಿನ ಮುಚ್ಚಳವೋ ಪ್ಲಾಸ್ಟಿಕ್ಕೋ, ಭದ್ರತೆಯಂತೆ, ಸರ್ಕಾರ ಅನುಮಾನಪಟ್ಟರೆ ಭದ್ರತೆ, ನೆವೆನಾ ಅನುಮಾನಪಟ್ಟರೆ ಹುಚ್ಚು. ದೊಡ್ಡ ಕಂಪನಿಗಳಿಗೆ ಕಸ್ಟಮ್ಸ್ ಜೊತೆ ನೇರ ಸಂಪರ್ಕವಿದೆ, ಗುಟ್ಟನ್ನು ಗುಟ್ಟಾಗಿಯೇ ಒಪ್ಪಿಸಿ ಕೈ ತೊಳೆದುಕೊಳ್ಳುತ್ತಾರೆ, ತನ್ನಂಥವಳು ಎಲ್ಲವನ್ನೂ ಸ್ವಿಲೆನ್‌ನ ಕೈಗೇ ಕೊಡಬೇಕು, ಅವನು ಓದಬೇಕು, ಆಮೇಲೆ ಕಳಿಸಬೇಕು. ಅದಕ್ಕೇ ಕೊಂಡವರ ಹೆಸರಿನ ಜಾಗದಲ್ಲಿ ತನ್ನ ಕಂಪನಿಯ ಹೆಸರನ್ನೇ ಬರೆದು ಕೂತಿದ್ದಾಳೆ, ಇದನ್ನು ಮಾಡದ ಸಣ್ಣ ಏಜೆಂಟರು ಈ ಊರಲ್ಲಿ ಯಾರಿದ್ದಾರೆ ತೋರಿಸಲಿ.

ಅಮೃತಶಿಲೆ ತರಿಸುತ್ತಿದ್ದ ಗಿರಾಕಿ, ಆ ಅಮೃತಶಿಲೆಯವನು, ಹೇಗೆ ಕೈಬಿಟ್ಟ ಹಾಗಾದರೆ? ವಸಂತದಲ್ಲಿ ಒಂದು ಭಾನುವಾರ ತಂಗಿ ವೆನೆಟಾಳ ಮನೆಯ ಊಟದ ಮೇಜಿನಲ್ಲಿ ಅವನ ವಿಷಯ ಬಾಯಿಗೆ ಬಂತು, ಬಂದದ್ದಷ್ಟೇ, ತಿಂಗಳು ಕಳೆಯುವುದರೊಳಗೆ ಅವನು ಫೋನು ಎತ್ತುವುದನ್ನೇ ಬಿಟ್ಟ, ಅದನ್ನು ಅದೇ ಮೇಜಿನಲ್ಲಿ ಹೇಳಿದಾಗ ಸ್ವಿಲೆನ್ ತಲೆ ಎತ್ತದೆ ಸೌತೆಕಾಯಿ ಹೋಳನ್ನು ಬ್ರೆಡ್ಡಿನಿಂದ ಒತ್ತುತ್ತಿದ್ದ, ತಪ್ಪಿಲ್ಲದವನು ತಲೆ ಎತ್ತುವುದಿಲ್ಲವೆ? ವೆನೆಟಾ ಅಂದಳು, ಅಕ್ಕ, ನಿನಗೆ ನೆರಳು ಕಂಡ್ರೂ ಕಳ್ಳ. ಆಗಲಿ ಕಳ್ಳನೇ — ಈಗ ಫೋನು ಮತ್ತೆ, ಈ ಸಲ ಅವನಲ್ಲ, ಮುಚ್ಚಳದ ಗಿರಾಕಿ ಪೆಂಕೊ, ಹಿರಿಯನೆಂದು ಎಲ್ಲರ ಬಾಯಲ್ಲೂ ‘ಬಾಯ್’ ಪೆಂಕೊ, ಅಯ್ಯೋ ದೇವರೇ, ಎತ್ತಲೇಬೇಕು. ಮಗಳೇ, ನನ್ ಮುಚ್ಚಳ ಹಡಗು ಹತ್ತಿದ್ವಾ? ಹತ್ತುತ್ವೆ ಬಾಯ್ ಪೆಂಕೊ, ನೀವು ಆರಾಮಾಗಿರಿ. ಆರಾಮಾಗಿ ಹೆಂಗಿರ್ಲಿ, ದೊಣ್ಣೆಮೆಣಸು ನನ್ನನ್ನ ಕೇಳಿ ಕೆಂಪಾಗತ್ತಾ? ಈ ಹಡಗು ತಪ್ಪಿದ್ರೆ ಮುಂದಿನದು ಬರೋ ಹೊತ್ತಿಗೆ ಹೆಂಗಸ್ರು ಜಾಡಿ ಕಟ್ಟಿ ಮುಗ್ಸಿರ್ತಾರೆ, ಆಮೇಲೆ ನನ್ ಮುಚ್ಚಳ ನಾನೇ ನೆಕ್ಕೋದಾ? ನಗುತ್ತಲೇ ಹೇಳಿದ, ಕೊನೆಯಲ್ಲಿ ದನಿ ಸಣ್ಣಗಾಯಿತು, ಹೆಂಡತಿ ಸತ್ತಮೇಲೆ ಗೋದಾಮು ಬಿಟ್ಟರೆ ಅವನಿಗೆ ಬೇರೇನಿದೆ, ಊರೂರಿನ ನೆಲಮಾಳಿಗೆಯ ಉಪ್ಪಿನಕಾಯಿ ಅವನ ಮುಚ್ಚಳ ನಂಬಿ ಕೂತಿದೆ, ಅವನು ತನ್ನನ್ನು ನಂಬಿ. ಒಂದು ವರ್ಷದ ವ್ಯಾಪಾರವೆಲ್ಲ ಆ ಒಂದು ಡಬ್ಬದಲ್ಲಿ. ಕೊಡಬಹುದು ಹೆಸರು, ಬರೆದರೆ ಐದು ಅಕ್ಷರವೂ ಇಲ್ಲ, ಆದರೆ ಕೊಟ್ಟ ನಾಳೆಯೇ ಸ್ವಿಲೆನ್ ರಾಕಿಯಾ ಸಾರಾಯಿಯ ಬಾಟಲಿ ಹಿಡಿದು ಗೋದಾಮಿನ ಮುಂದೆ ನಿಂತಿರುತ್ತಾನೆ, ಬಾಯ್ ಪೆಂಕೊ ನಮಸ್ಕಾರ ಎನ್ನುತ್ತ, ಕಣ್ಣಿಗೆ ಕಟ್ಟಿದಂತಿದೆ. ಕಸ್ಟಮ್ಸ್ ಪ್ರಶ್ನೆ ಹಾಕಿದೆ ಎನ್ನುವುದೇ ಸುಳ್ಳಿರಬಹುದು, ಹೆಸರು ಕೀಳುವ ಉಪಾಯವಿರಬಹುದು, ಅವನು ಕಳಿಸಿದ ಸಂದೇಶದಲ್ಲಿ ಮುದ್ರೆ ಇದೆ ನಿಜ, ಮುದ್ರೆ ಯಾರು ಬೇಕಾದರೂ ಅಂಟಿಸಬಹುದು, ಕಾಯೋಣ, ಇನ್ನೊಂದು ಸಲ ಫೋನು ಮಾಡಿದರೆ ದನಿಯಲ್ಲೇ ಗೊತ್ತಾಗುತ್ತದೆ, ಕಾಫಿ ಆರಿ ಮೇಲೆ ಕೆನೆ ಕಟ್ಟಿದೆ, ಸೂರ್ಯಕಾಂತಿ ಬೀಜದವನು ಒಳಗೆ ಹೋದ.

ಗುರ್ ಗುರ್, ಈಗ ಎತ್ತಿದಳು, ನಗುವಿಲ್ಲ, ನಗುವಿಲ್ಲದ ಸ್ವಿಲೆನ್‌ನ ದನಿಯನ್ನು ತನ್ನ ಅಪ್ಪನ ಅಂತ್ಯಕ್ರಿಯೆಯ ದಿನ ಬಿಟ್ಟರೆ ಕೇಳಿದ್ದಿಲ್ಲ. ಮುಗೀತು ನೆವೆನಾ. ಹಡಗಿಗೆ ಏರಿಸಬೇಡಿ ಅಂತ ಆದೇಶ ಬಂತು, ಕಂಟೇನರ್ ಚೀನಾ ದಡದಲ್ಲೇ ಉಳೀತು, ಆ ಜಾಗಕ್ಕೆ ಬೇರೆಯವರದ್ದು ಹತ್ತಿತು. ಈಗ ಕೊಡ್ತೀನಿ ಹೆಸರು, ಬರ್ಕೋ ಎಂದಳು. ಈಗ ಬರ್ಕೊಂಡು ಗೋಡೆಗೆ ಅಂಟಿಸ್ಕೊಳ್ಲಾ? ಬೆಳಗಿಂದ ಗಂಟಲು ಹರ್ಕೊಂಡೆ, ಈಗ ಪೆಂಕೊಗೆ ಏನ್ ಹೇಳ್ತೀಯ, ಆ ಮುದುಕ ಹೆಂಗೆ ತಡ್ಕೊಳ್ತಾನೆ? ಪೆಂಕೊ ಎಂದನೆ, ಪೆಂಕೊ ಎಂದ, ಯಾರು ಹೇಳಿದ್ರು ನಿನಗೆ, ಎಲ್ಲಿಂದ ತೆಗೆದೆ ಆ ಹೆಸರು? ಎಲ್ಲಿಂದ ಅಂದ್ರೆ? ಹೋದ ವರ್ಷ ನೀನೇ ವೆನೆಟಾಗೆ ಎರಡು ಪೆಟ್ಟಿಗೆ ಮುಚ್ಚಳ ತಂದುಕೊಡ್ಲಿಲ್ವಾ, ಒಂದೊಂದರ ಮೇಲೂ ಅವನ ಹೆಸರು ಅಚ್ಚಾಗಿದೆ, ಚಳಿಗಾಲ ಪೂರ್ತಿ ಅವನ್ನೇ ತಿರುಗಿಸಿ ತೆಗೆದು ಉಪ್ಪಿನಕಾಯಿ ತಿಂದ್ವಲ್ಲ. ಗೊತ್ತಿದ್ರೆ ನೀನೇ ಬರೀಬಹುದಿತ್ತಲ್ಲ ಸ್ವಿಲೆನ್! ಹೇಗ್ ಬರೀಲಿ, ಹೇಳಿಕೆ ನಿಂದು, ನಾನ್ ಊಹೆ ಮಾಡಿ ಬರೆದ್ರೆ ಅದು ಸುಳ್ಳು ಹೇಳಿಕೆ, ನನ್ ಕೆಲಸ ಹೋಗತ್ತೆ, ನೀನು ಹೇಳ್ಬೇಕಿತ್ತು, ನೀನು ಅಷ್ಟೇ. ಫೋನು ಇಟ್ಟ. ಒಂದು ವರ್ಷ ಗೊತ್ತಿದ್ದೂ ಗೋದಾಮಿನ ಕಡೆ ತಲೆ ಹಾಕಿಲ್ಲ, ಅಥವಾ ಹಾಕಿದ್ದಾನೆಯೋ, ಬೇಕೆಂದೇ ತಡ ಮಾಡಿಸಿದನೋ, ಅಮೃತಶಿಲೆಯವನನ್ನು ಮತ್ತೆ ಯಾರು — ಇಲ್ಲ, ಅನುಮಾನ ಎಷ್ಟು ಕೆದಕಿದರೂ ಹತ್ತಿಕೊಳ್ಳುತ್ತಿಲ್ಲ, ಅದರ ಜಾಗಕ್ಕೆ ಒಂದು ಕೈ ಬರುತ್ತಿದೆ, ಸ್ವಿಲೆನ್‌ನ ಕೈ, ಜಾಡಿಯನ್ನು ಎದೆಗೊತ್ತಿ ಮುಚ್ಚಳ ತಿರುಗಿಸುತ್ತಿದೆ, ಟಪ್, ಬೋರಲು ಹಾಕದೆ ಮೇಜಿನ ಮೇಲಿಡುತ್ತಾನೆ, ಕೆಂಪು ಅಕ್ಷರ, ಅವನ ಕಡೆಗೆ ನೆಟ್ಟಗೆ, ಎದುರು ಕೂತ ತನ್ನ ಕಡೆಗೆ ತಲೆಕೆಳಗು — ಬಾಯ್ ಪೆಂಕೊಗೆ ಫೋನು ಮಾಡಬೇಕು, ಮಾಡಲೇಬೇಕು, ನಂಬರು ಒತ್ತಬೇಕು, ಹೇಳಬೇಕು, ಬಾಯ್ ಪೆಂಕೊ, ನಿಮ್ಮ ಹೆಸರನ್ನ ನಾನು — ಟಪ್, ಮುಚ್ಚಳ, ಕೆಂಪು ಅಕ್ಷರ, ಬಾಯ್ ಪೆಂಕೊ, ನಾನು — ಟಪ್, ಮುಚ್ಚಳ, ತಲೆಕೆಳಗಾದ ಹೆಸರು, ಅದರ ಪಕ್ಕದಲ್ಲಿ ತನ್ನದೇ ತಟ್ಟೆ.